ಒಳಗ ಕೂತಾಳ

ಡಬ್ಬಿಯ ಮುಚ್ಚಳ ಬಿದ್ದ ಸದ್ದು, ಅಲ್ಲ, ಅದು ಬಳೆ, ಬಾಗಿಲಿನ ಆಚೆ ಯಾರದೋ ಬಳೆ ಕಟ್ಟಿಗೆಗೆ ತಾಗಿದ್ದು, ರೆಕಾರ್ಡಿಂಗಿನ ಈ ಸಾಲೂ ಹೋಯಿತು, ಮತ್ತೆ ಮೊದಲಿಂದ ಓದಬೇಕು — ನಿಮ್ಮ ಮನವಿಯನ್ನು ಸ್ವೀಕರಿಸಲಾಗಿದೆ, ದಯವಿಟ್ಟು ನಿರೀಕ್ಷಿಸಿ — ನಗುತ್ತ ಓದು, ನಗು ಕಾಣದಿದ್ದರೂ ಕೇಳಿಸುತ್ತದೆ ಅನ್ನುತ್ತಾಳೆ ಪುಣೆಯ ಪ್ರಾಜಕ್ತಾ, ನನಗೆ ಕೆಲಸ ಕೊಡುವವಳು, ನಾನು ಒಮ್ಮೆಯೂ ಮುಖ ನೋಡದವಳು. ಯಾವುದೋ ಕಂಪನಿಗೆ ಫೋನು ಹಚ್ಚಿದ ಕನ್ನಡದವರಿಗೆಲ್ಲ ನನ್ನ ದನಿ ಹೀಗೆ ಸಮಾಧಾನ ಹೇಳಬೇಕಂತೆ, ಉಮರ್ಗಾದ ಈ ಕಿಟಕಿಯಿಲ್ಲದ ದೇವರ ಕೋಣೆಯಿಂದ, ಗಂಡನ ಅಂಗಡಿಯಲ್ಲಿ ಹಿಡಿಸದ ತೊಗರಿ ಚೀಲಗಳು ಗೋಡೆಗುಂಟ, ಅವು ದನಿಯ ಮಾರ್ದನಿಯನ್ನು ನುಂಗುತ್ತವೆ, ಬಾಗಿಲಿಗೆ ಕೌದಿ, ಸ್ಟ್ಯಾಂಡು ಮುರಿದಂದಿನಿಂದ ಮೈಕು ನನ್ನ ಎಡ ಅಂಗೈಯ ಮೇಲೆ, ಕರ್ರಗೆ, ಗುಂಡಗೆ, ಎದೆಯ ಮಟ್ಟಕ್ಕೆ. ಮಧ್ಯಾಹ್ನದೊಳಗೆ ಎಲ್ಲ ಸಾಲು ಮುಟ್ಟಿದರೆ ವರ್ಷದ ಕೆಲಸ ನನ್ನದು, ಇಲ್ಲದಿದ್ದರೆ ಸೊಲ್ಲಾಪುರದ ಇನ್ನೊಬ್ಬಾಕೆಯದು. ಆಚೆ ಅತ್ತಿಯ ದನಿ, ಜಯಾ ಒಳಗ ಕೂತಾಳರೀ, ಆಕಿ ಲಗೂನ ಏಳೂದಿಲ್ಲ, ನೀವು ಕೂಡ್ರಿ, ನೀರರೆ ಕುಡೀರಿ. ಬ್ಯಾಡ್ರಿ, ಅವ್ವಾರ ಕೈಲೆ ವಿಭೂತಿ ಸಿಗೂತನಾ ಬಾಯಾಗ ಹನಿ ನೀರು ಹಾಕೂದಿಲ್ಲ — ಇದು ಬಳೆಯ ದನಿ, ಯೆಣೆಗೂರದ ಸುಮಿತ್ರಾಬಾಯಿ, ನಸುಕಿನ ಬಸ್ಸಿಗೆ ಬಂದವಳು, ಮಗ ಧೀರಜ ಹೈವೇದಾಗ ಗಾಡಿ ಮ್ಯಾಲಿಂದ ಬಿದ್ದಾನ, ಲಾತೂರದ ದವಾಖಾನೆಯಲ್ಲಿ ಇವತ್ತು ಸಂಜೆ ತಲೆಯ ಆಪರೇಶನ್ ಅದ, ಎಂದು ಬಂದಾಗಿನಿಂದ ಅತ್ತಿಯ ಮುಂದೆ ಅದನ್ನೇ ಹೇಳುತ್ತಿದ್ದಾಳೆ, ಕೌದಿ ಎಲ್ಲವನ್ನೂ ತಡೆಯುವುದಿಲ್ಲ. ಆಕೆ ಅನ್ನುವ ಆ ಅವ್ವ ನಾನು. ಆಕೆಗಿಂತ ಎಷ್ಟೋ ಚಿಕ್ಕವಳಾದ ನಾನು. ಕೊರಳಲ್ಲಿ ಸೀರೆಯೊಳಗೆ ನನ್ನ ಲಿಂಗ ಇದೆ, ಮುಂಜಾನೆ ಅದಕ್ಕೆ ಗಡಿಬಿಡಿಯಲ್ಲಿ ನೀರು ತೋರಿಸಿ ಕಟ್ಟಿಕೊಂಡುಬಿಡುತ್ತೇನೆ, ಕೆಲಸಕ್ಕೆ ಹೊತ್ತಾಗುತ್ತದೆಂದು, ಅಂಗೈ ಮಾತ್ರ ದಿನವಿಡೀ ಈ ಮೈಕಿಗೆ.

ಮೊದಲು ಮೇಲಿನ ಕೋಣೆಯಲ್ಲಿ ಕೂಡುತ್ತಿದ್ದೆ, ಬಾಗಿಲು ಹಾಕಿಕೊಂಡರೂ ಅದು ಬಾಗಿಲಾಗಿರಲಿಲ್ಲ, ಜಯಾ ಸಿಲಿಂಡರ್‌ದಂವಾ ಬಂದಾನ, ಜಯಾ ಹಾಲು ನೋಡು, ನಿಲಂಗಾದಿಂದ ಅತ್ಯಾರು ಬಂದಾರ ಚಹಾ ಇಡು, ಮನ್ಯಾಗೇ ಇದ್ದೀಯಲ್ಲ, ಮನ್ಯಾಗೇ ಇದ್ದೀಯಲ್ಲ, ಕೆಲಸ ಮಾಡ್ತೀನ್ರಿ ಅಂದರೆ ಗಂಡ ನೀಲಕಂಠ ಭಾಕ್ರಿ ಮುರಿಯುತ್ತ ನಕ್ಕ, ಅಂಗಡಿಗಿ ಹೋಗೂದು ಕೆಲಸಾ, ಕುಂತಲ್ಲೇ ಮಾತಾಡೂದ್ರಾಗ ಎಂಥಾ ಕೆಲಸಾ, ಅದು ನೀ ಪುಕ್ಕಟೆನೂ ಮಾಡ್ತೀಯಲ್ಲ — ನಾನೂ ನಕ್ಕೆ, ನಗಬಾರದಿತ್ತು, ಕಲಬುರಗಿಯಲ್ಲಿ ಎಂ.ಎ. ಮಾಡಿದ ನಾಲಿಗೆ ಅದು. ಆಮೇಲೆ ಸದ್ದು ಕಡಿಮೆಯೆಂದು ಈ ಕೋಣೆಗೆ ಇಳಿದು ಬಂದೆ, ಪಕ್ಕದ ಮನೆಯ ಸರಸ್ವತಿ ಕಾಕು ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಾಗಿಲು ತಳ್ಳಿದಳು, ಕಂಡದ್ದೇನು, ಎತ್ತಿ ಹಿಡಿದ ಎಡ ಅಂಗೈ, ಅದರ ಮೇಲೆ ಕರ್ರಗಿನದು, ಅದರ ಮೇಲೇ ನೆಟ್ಟ ಕಣ್ಣು, ಅಲುಗುವ ತುಟಿ. ಬಾಗಿಲು ಹತ್ತಿಯ ಹಾಗೆ ಮೆತ್ತಗೆ ಮುಚ್ಚಿಕೊಂಡಿತು. ಲಿಂಗಪೂಜೆಗೆ ಕೂತವರನ್ನು ನಮ್ಮಲ್ಲಿ ಯಾರೂ ಕರೆಯುವುದಿಲ್ಲ, ಹಾಲು ಉಕ್ಕಿದರೂ ಕರೆಯುವುದಿಲ್ಲ. ಸಂಜೆ ಕಟ್ಟೆಯ ಮೇಲೆ ಕಾಕು ಅತ್ತಿಯ ಮುಂದೆ, ಸುಮನಾ, ನಿನ್ನ ಸೊಸಿ ಅಂದ್ರ ಏನಂತಿ, ಅಂಗೈ ಬಿಟ್ಟು ಕಣ್ಣು ಸರಿಸಲಿಲ್ಲ ನೋಡವಾ, ನಾವು ಪೂಜಾ ಮಾಡ್ತೀವಿ, ಒಂದು ಕಣ್ಣು ಒಲಿ ಮ್ಯಾಲ. ಅತ್ತಿ ನನ್ನ ಕಡೆ ನೋಡಿದಳು, ನಾನು ಹಿಟ್ಟಿನ ಕಡೆ ನೋಡಿದೆ. ಅಷ್ಟೇ. ಮೌನ ನನಗೆ ಯಾವಾಗಲೂ ಇಷ್ಟ, ಆದರೆ ಆ ಮೌನದಿಂದ ಏನೋ ಕಟ್ಟಿಕೊಳ್ಳುತ್ತಿದ್ದೇನೆ ಅನ್ನುವುದು ಆಗಲೇ ತಿಳಿದಿತ್ತು, ಮರುದಿನ ಯಾರೂ ಕರೆಯಲಿಲ್ಲ, ಹಾಲನ್ನು ಅತ್ತಿಯೇ ಇಳಿಸಿಕೊಂಡಳು, ಎಂಥ ಸುಖ. ಸುಖ ಎಷ್ಟು ದಿನವೋ, ಬಿಲ್ವಪತ್ರಿ ಹಿಡಿದು ಒಬ್ಬಳು ಬಂದಳು, ನನ್ನ ಕೈಯ ವಿಭೂತಿಗೆಂದು ಅಂಗೈ ಚಾಚಿದಳು, ಆಮೇಲೆ ಮತ್ತೊಂದು ಅಂಗೈ, ಇರಲಿ ಬಿಡು ಎಂದ ನೀಲಕಂಠ, ಅಂಗಡಿಗಿ ಗಿರಾಕಿ ಹೆಚ್ಚಾಗ್ಯಾರ. ಈಗ ಕೆಲಸ ಮುಗಿದರೂ ಹೊರಗೆ ಬರುವ ಹಾಗಿಲ್ಲ, ಇಷ್ಟ್ ಲಗೂ ಎದ್ದರ ಮಂದಿ ಏನಂದಾರು ಅನ್ನುತ್ತಾಳೆ ಅತ್ತಿ, ಮೂತ್ರ ತಡೆದುಕೊಂಡು ಚೀಲಕ್ಕೆ ಆತು ಕೂತಿರುತ್ತೇನೆ, ಬಸ್ ಸ್ಟ್ಯಾಂಡಿನ ಗಾಡಿಯ ಮುಂದೆ ಪಾನಿಪುರಿಗೆ ನಿಂತರೆ ಹಿಂದೆ ಪಿಸುಮಾತು, ಅವ್ವಾರು ಗಾಡಿ ಮ್ಯಾಲಿಂದು ತಿಂತಾರ, ಬಾಯಲ್ಲಿಟ್ಟದ್ದನ್ನು ಹಾಗೇ ನುಂಗಿ ಬಂದೆ.

ನಿಮ್ಮ ಮನವಿಯನ್ನು — ಆಚೆ ಬಳೆ ಸುಮ್ಮನಾಗಿದೆ, ನನ್ನ ಗೊಣಗು ಆಕೆಗೆ ಮಂತ್ರದ ಹಾಗೆ ಕೇಳುತ್ತಿರಬೇಕು — ಸ್ವೀಕರಿಸಲಾಗಿದೆ. ಕೊನೆಯ ಸಾಲು. ಇನ್ನು ಕೋಣೆಯ ಮೌನ ಬೇಕು, ಯಾರೂ ಮಾತಾಡದ ಬರೀ ಕೋಣೆಯನ್ನೂ ತುಸು ಹೊತ್ತು ರೆಕಾರ್ಡು ಮಾಡಿ ಕಳಿಸಬೇಕು, ಸಾಲುಗಳ ನಡುವೆ ತುಂಬಲು, ನನಗೆ ಈ ಕೆಲಸದಲ್ಲಿ ಪ್ರೀತಿಯದು ಇದೊಂದೇ, ಉಸಿರು ಹಿಡಿದು ಕೂತೆ, ಆ ಮೌನದೊಳಗೆ ಧೀರ್ಯಾ, ಧೀರ್ಯಾ, ನನ್ನಪ್ಪಾ, ಎಂದು ಕೌದಿಯ ಆಚೆಯಿಂದ, ಮಗುವನ್ನು ಮಲಗಿಸುವ ಹಾಗೆ. ಹಾಗೇ ಕಳಿಸಿದೆ. ಪ್ರಾಜಕ್ತಾಳ ದನಿ ಕಿವಿಯಲ್ಲಿ, ಮಾಗೇ ಕುಣೀತರೀ ಬೋಲ್ತಂಯ, ಯಾರೋ ಹಿಂದೆ ಮಾತಾಡ್ತಿದ್ದಾರೆ ಜಯಮಾಲಾ, ಮನೆಯವರಿಗೆ ಸುಮ್ಮನಿರಲು ಹೇಳು — ಹೋಗಲಿ, ಅದನ್ನು ಇಲ್ಲಿ ಅಳಿಸಿಕೊಳ್ಳುತ್ತೇವೆ, ಕೆಲಸ ನಿನ್ನದೇ, ನಾಳೆಯಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬೇಕು. ನನ್ನದೇ. ಕುಣಿಯಬೇಕು ಅನ್ನಿಸಿತು, ಕೋಣೆಯಲ್ಲಿ ಕುಣಿಯುವಷ್ಟು ಜಾಗವಿಲ್ಲ, ಎರಡೂ ಹೊತ್ತು, ಎರಡು ಹೊತ್ತಿನ ಪೂಜೆ, ಎರಡು ಹೊತ್ತಿನ ಅಂಗೈಗಳು, ವರ್ಷವಿಡೀ, ಆ ಧೀರ್ಯಾ ಅನ್ನುವುದನ್ನು ಅಳಿಸಿಕೊಳ್ಳುತ್ತಾರಂತೆ. ಇಲ್ಲ, ಇವತ್ತೇ ಹೇಳಬೇಕು, ಇವಳಿಗೇ, ಮಗನ ತಲೆಯ ಮೇಲೆ ನನ್ನ ಸುಳ್ಳು ಹಚ್ಚಲಾರೆ, ಹೇಳಿದರೆ ನಾಳೆಯಿಂದ ಮತ್ತೆ ಜಯಾ ಹಾಲು ನೋಡು, ಬಂದ ಕೆಲಸವೂ ಹೋದೀತು, ಹೋಗಲಿ, ಕೌದಿ ಸರಿಸಿದೆ, ಚಿಲಕ ತೆಗೆದೆ, ಬೆಳಕು ಕಣ್ಣಿಗೆ ಹೊಡೆಯಿತು. ನಾ ಪೂಜಾ ಮಾಡ್ತಿರಲಿಲ್ಲರೀ, ಕೆಲಸಾ ಮಾಡ್ತಿದ್ದೆ, ಫೋನಿನ ಕೆಲಸಾ, ಇದು ನೋಡ್ರಿ ಮೈಕು. ಅತ್ತಿ ನನ್ನ ತೋಳು ಚಿವುಟಿದಳು, ಆಕಿ ಹಂಗೇರೀ, ದೊಡ್ಡಸ್ತಿಕಿ ಇಲ್ಲ ಆಕಿಗಿ. ಸುಮಿತ್ರಾಬಾಯಿ ಮೈಕು ನೋಡಿದಳು, ಚೆನ್ನಾಗಿಯೇ ನೋಡಿದಳು, ಅರ್ಥವಾಯಿತು ಅನ್ನುವುದು ಆಕೆಯ ಮುಖದಲ್ಲಿ ಕಂಡಿತು, ಒಣಗಿದ ತುಟಿ ಬಿಚ್ಚಿ, ನೀವು ಏನರೆ ಮಾಡ್ತಿರ್ರಿ ಅವ್ವಾ, ನಿಮಗ ಬಾಗಲಾ ಹಾಕ್ಕೊಂಡು ಕೂಡ್ಲಿಕ್ಕರೆ ಬರ್ತದ, ನನಗ ಎಲ್ಲಿ ಕೂಡ್ಲಿಕ್ಕೂ ಆಗವಲ್ದು, ಬಸ್ಸಿನ ಹೊತ್ತಾಗ್ಯದ, ಕೊಡ್ರಿ — ವಿಭೂತಿ ಹಿಂದೆ ಗೂಡಿನಲ್ಲಿದೆ, ತಿರುಗಿದರೆ ಸಾಕು, ತಿರುಗಲಾರೆ, ಹೇಳುವುದೆಲ್ಲ ಹೇಳಿಯಾಯಿತು, ಆದರೂ ಇಳಿಯದೆ ನನ್ನ ಎದೆಯ ಮಟ್ಟಕ್ಕೆ ಆಕೆ ಚಾಚಿದ್ದು, ಗೆರೆಗಳಲ್ಲಿ ಬೆವರು, ಅಂಗೈ, ತೆರೆದ ಅಂಗೈ, ಅಂಗೈ