ದರ್ಜಿಯ ಹೆಂಡತಿ ಕೊಟ್ಟ ಉತ್ತರ

ದರ್ಜಿಯ ಹೆಂಡತಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದು ವಾರವಾಗಿತ್ತು. ಅವಳನ್ನು ಉಳಿಸಿಕೊಟ್ಟ ಆಸ್ಪತ್ರೆಯೆಂದರೆ ದರ್ಜಿಗೆ ಕೈಮುಗಿಯುವಷ್ಟು ಭಕ್ತಿ. ಹಾಗಾಗಿ ಅಲ್ಲಿನ ಕಾರ್ಯಕರ್ತೆ ಮನೆಗೇ ಬಂದು, ವಾರ್ಡಿನಲ್ಲಿ ಹೇಗೆ ನೋಡಿಕೊಂಡರು ಎಂದು ಕೇಳಿದಾಗ, ಹೊಲಿಗೆ ಯಂತ್ರ ತುಳಿಯುತ್ತಲೇ ಉತ್ತರ ಕೊಟ್ಟ.

“ಎಲ್ಲ ಚೆನ್ನಾಗಿತ್ತು ಅಂತ ಬರ್ಕೊಳ್ಳಿ ಮೇಡಂ.”

“ಅಣ್ಣಾ, ಅಲ್ಲಿ ಮಲಗಿದ್ದೋರು ಅಕ್ಕ. ಅವರೇ ಹೇಳ್ಲಿ.”

“ಅವಳದೂ ಅದೇ ಮಾತು.”

“ಅವಳ ಬಾಯಿ ಅವಳ ಹತ್ರಾನೇ ಇದೆ,” ಎಂದಳು ಗೋಡೆಗೊರಗಿ ಕೂತಿದ್ದ ಹೆಂಡತಿ. “ನರ್ಸಮ್ಮ ಒಡಹುಟ್ಟಿದವಳ ಥರ ನೋಡ್ಕೊಂಡ್ರು. ಡಾಕ್ಟರು ಕೂತು ಮಾತಾಡಿಸಿದ್ರು. ಆದ್ರೆ ಮನೆಗೆ ಕಳಿಸೋವಾಗ...”

ದರ್ಜಿ ಜೋರಾಗಿ ಕೆಮ್ಮಿದ. “ಸುಮ್ನಿರೇ. ಉಪಕಾರ ಮಾಡಿದೋರ ಮೇಲೆ ದೂರು ಹೇಳೋದಾ? ಮುಂದಿನ ತಿಂಗಳು ನಿನ್ನ ತಂಗೀನೂ ಅದೇ ವಾರ್ಡಿಗೆ ಸೇರಿಸ್ಬೇಕು. ಆಮೇಲೆ ಅವಳನ್ನ ಯಾರು ನೋಡ್ತಾರೆ?”

“ಉತ್ತರದ ಜೊತೆ ಹೆಸರು ಬರೆಯಲ್ಲ ಅಣ್ಣಾ,” ಎಂದಳು ಕಾರ್ಯಕರ್ತೆ. “ಎಲ್ಲರ ಮಾತೂ ಒಟ್ಟು ಸೇರಿಸಿ ನೋಡ್ತೀವಿ. ಎಲ್ಲರೂ ಚೆನ್ನಾಗಿದೆ ಅಂದ್ಬಿಟ್ರೆ ನಾವು ತಿದ್ಕೊಳ್ಳೋದು ಏನನ್ನ?”

“ರೀ,” ಎಂದಳು ಹೆಂಡತಿ, “ರವಿಕೆ ಕಂಕುಳಲ್ಲಿ ಬಿಗಿ ಇದ್ರೂ ಚೆನ್ನಾಗಿದೆ ಅಂದು ಹೋಗೋ ಗಿರಾಕೀನ ನೀವೇ ಬೈಕೋತೀರಲ್ಲ, ಹೇಳಿದ್ರೆ ಬಿಚ್ಚಿ ಹೊಲೀತಿದ್ದೆ ಅಂತ?”

ಯಂತ್ರ ನಿಂತಿತು.

ಆಗ ಅವಳು ನಡೆದದ್ದನ್ನು ಹೇಳಿದಳು. ಮಾತ್ರೆಗಳ ವಿಷಯವನ್ನು ವಾರ್ಡಿನ ಬಾಗಿಲಲ್ಲಿ, ಅವಸರದಲ್ಲಿ, ಗಂಡನಿಗೆ ಮಾತ್ರ ಹೇಳಿದ್ದರು. ಅವನು ಆಟೊ ಹುಡುಕುತ್ತಾ ತಲೆಯಾಡಿಸಿದ್ದ. ಮನೆಯಲ್ಲಿ ಅವಳು ಎರಡು ಹೊತ್ತಿನ ಮಾತ್ರೆಯನ್ನು ಒಂದೇ ಸಲ ನುಂಗಿ, ತಲೆ ತಿರುಗಿ ಬಚ್ಚಲಲ್ಲಿ ಬಿದ್ದಿದ್ದಳು. ಗಾಯಕ್ಕೆ ಪೆಟ್ಟಾಗದಿದ್ದದ್ದೇ ಪುಣ್ಯ.

“ಅವಳ ತಂಗಿಗೆ ಹಿಂಗಾಗೋದು ಬೇಡ,” ಎಂದ ದರ್ಜಿ, ತಗ್ಗಿದ ದನಿಯಲ್ಲಿ. “ಬರ್ಕೊಳ್ಳಿ ಮೇಡಂ. ನರ್ಸಮ್ಮನ ಒಳ್ಳೇತನಾನೂ ಬಿಡಬೇಡಿ.”

ಅದೇ ಕೊರತೆಯನ್ನು ಬೇರೆ ರೋಗಿಗಳೂ ಹೇಳಿದ್ದರು. ಹಾಗಾಗಿ ಮಾತ್ರೆಗಳ ವಿಷಯವನ್ನು ರೋಗಿಗೇ ಬಿಡಿಸಿ ಹೇಳಬೇಕೆಂದು ಆಸ್ಪತ್ರೆಯವರು ನಿಯಮ ಮಾಡಿದರು. ಮುಂದಿನ ತಿಂಗಳು ತಂಗಿಯನ್ನು ಮನೆಗೆ ಕಳಿಸುವ ದಿನ, ಅದೇ ನರ್ಸಮ್ಮ ಮಂಚದ ಪಕ್ಕ ಕೂತು ಎಲ್ಲ ವಿವರಿಸಿ, “ಈಗ ನೀವು ನಂಗೆ ಹೇಳಿ, ಯಾವ ಮಾತ್ರೆ ಯಾವಾಗ?” ಎಂದು ಕೇಳಿದಳು. ತಂಗಿ ಒಂದು ಕಡೆ ತಪ್ಪಿದಳು. ನರ್ಸಮ್ಮ ನಕ್ಕು ಮತ್ತೆ ಹೇಳಿಕೊಟ್ಟಳು. ಪಕ್ಕದಲ್ಲೇ ನಿಂತಿದ್ದ ದರ್ಜಿಯ ಕಣ್ಣು ಒದ್ದೆಯಾಯಿತು.

ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮನ್ನೂ ಯಾರಾದರೂ ಕೇಳಿಯಾರು. ಚಿಕಿತ್ಸೆ ಪಡೆದವರೇ ಉತ್ತರ ಕೊಡಲಿ. ಚೆನ್ನಾಗಿ ನೋಡಿಕೊಂಡವರನ್ನು ಬಾಯ್ತುಂಬ ನೆನೆಯಿರಿ, ಕೊರತೆ ಕಂಡಿದ್ದರೆ ಅದನ್ನೂ ಹೇಳಿ. ನಿಮ್ಮ ನಂತರ ಆ ಮಂಚದಲ್ಲಿ ಮಲಗುವವರಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ, ಆದರೂ ನಿಮ್ಮ ಉಪಕಾರ ಅವರನ್ನು ಮುಟ್ಟುತ್ತದೆ.