ಎಡಗಾಲಿನ ಮುಲಾಮು, ಬಲಗಾಲಿನ ಎಣ್ಣೆ

ಬಚ್ಚಲಿನ ಹಬೆಯಲ್ಲಿ ಮುಂದಕ್ಕೆ ಚಾಚಿದ ಎರಡು ಕಾಲುಗಳೂ ಬೇರೆ ಬೇರೆ ಹೆಂಗಸರವೆಂಬಂತೆ ಕಂಡವು — ಎಡಗಾಲು ಈರುಳ್ಳಿಯ ಒಳಪೊರೆಯಷ್ಟು ತೆಳುವಾಗಿ ಮಿರುಗುತ್ತಿದೆ, ಬಲಗಾಲು ಮೊಣಕಾಲಿನಿಂದ ಕೆಳಕ್ಕೆ ಕೆಂಪಗೆ ದಡ್ಡುಗಟ್ಟಿ, ಮೇಲೆ ಸುಣ್ಣದ ಗೋಡೆ ಉದುರಿದಂತೆ ಬಿಳಿಯ ಹೊಟ್ಟು, ಥೂ, ಸ್ವಂತ ಕಾಲಾದರೂ ಥೂ, ಎಂದು ರಾಧಮ್ಮ ಮುಖ ತಿರುವಿದಳು, ತಿರುವಿದರೂ ಕಣ್ಣು ಅಲ್ಲಿಗೇ ಮರಳಿತು, ಬೆಲ್ಲದ ಮೇಲಿನ ನೊಣದಂತೆ. ಹಂಡೆಯ ನೀರು ಕಾದಿದೆ, ಹೆಸರುಹಿಟ್ಟು ಕಲಸಿಟ್ಟಾಗಿದೆ, ಇನ್ನು ಕೂಸು ಬರಬೇಕು, ನಿನ್ನೆಯಷ್ಟೇ ಆಸ್ಪತ್ರೆಯಿಂದ ಬಂದ ಮಗಳು ಶ್ರೀಲತಾಳ ಚೊಚ್ಚಲ ಕೂಸು, ಮನೆಯಲ್ಲಿ ಅದಕ್ಕೆ ಮೊದಲ ನೀರು — ಶಿಕಾರಿಪುರದ ಈ ಕೇರಿಯ ಎಷ್ಟು ಕೂಸುಗಳು ಈ ಕಾಲುಗಳ ಮೇಲೆ ಬೋರಲು ಮಲಗಿ ನೀರು ಹೊಯ್ಸಿಕೊಂಡಿಲ್ಲ, ಸೋರಿಯಾಸಿಸ್ ಬಂದ ಮೇಲೆ ಯಾರೂ ಬೇಡವೆನ್ನಲಿಲ್ಲ, ಕರೆಯುವುದನ್ನು ಬಿಟ್ಟರು ಅಷ್ಟೆ, ಅವಳು ಕಾಫಿ ಕುಡಿದಿಟ್ಟ ಲೋಟವನ್ನು ಎರಡೇ ಬೆರಳಲ್ಲಿ ಹಿಡಿದು ಹಿತ್ತಲಿಗೆ ಒಯ್ದರು. ನಡುಮನೆಯಲ್ಲಿ ಬೀಗಿತ್ತಿ ರಮಾಬಾಯಿಯ ದನಿ, ನಿನ್ನೆ ಸೊರಬದಿಂದ ಬಂದಿಳಿದವಳೇ ಹೇಳಿದ್ದಳು, ಬೇಜಾರಾಗ್ಬೇಡಿ ರಾಧಕ್ಕಾ, ನಿಮ್ಮ ಕೈಲಿ ಆಗ್ದಿದ್ರೆ ಬಾಣಂತಿ ಕೂಸು ಇಬ್ರನ್ನೂ ನಾಳೆನೇ ಕರ್ಕೊಂಡ್ ಹೋಗ್ತೇನೆ, ನಮ್ಮಲ್ಲಿ ನೀರು ಹಾಕೋಕೆ ಜನ ಇದಾರೆ. ಬೇಜಾರಾಗಬೇಡಿ! ಆ ಸಿಹಿಗಿಂತ ಈ ಹೊಟ್ಟೇ ಮೇಲು — ಮೇಲೇ? ಗುಡಿಸಿದರೆ ಮೊರದ ತುಂಬ ಅದೇ, ಒಮ್ಮೆ ತಟ್ಟೆಗೆ ಬಿದ್ದ ಹಕ್ಕಳೆ ಅನ್ನದ ಬಿಳುಪಿನಲ್ಲಿ ಬೆರೆತು, ಯಾವುದು ಅನ್ನ ಯಾವುದು ತಾನು ಎಂದು ತಿಳಿಯದೆ ಎದ್ದು ಹೋಗಿ ವಾಂತಿ ಮಾಡಿದ್ದಳು. ಮೊದಲು ಹಚ್ಚಿದ್ದು ಡಾಂಬರಿನ ಮುಲಾಮು, ಹಾಸಿಗೆಯೆಲ್ಲ ಕಪ್ಪು, ಗಂಡ ಸಣ್ಣಪ್ಪ ಮೂಗು ಮುಚ್ಚಿಕೊಂಡು, ಏನೇ, ಕಾಲ ಮ್ಯಾಲೆ ಬಸ್ ಓಡಸಾಕೆ ರೋಡ್ ಮಾಡ್ತಿದಿಯೇನು ಎಂದು ನಕ್ಕು ಚಾಪೆಯನ್ನು ಜಗಲಿಗೆ ಒಯ್ದ, ಆಮೇಲೆ ಬಳ್ಳಿಗಾವಿಯ ನಾಟಿವೈದ್ಯ ಗುತ್ಯಪ್ಪ ಬಿಸಿಲಿಗಿಟ್ಟು ಕೊಟ್ಟ ಹಾಲೆಸೊಪ್ಪಿನ ಎಣ್ಣೆ, ನೇರಳೆ ಬಣ್ಣ, ಕನರಿದ ಕೊಬ್ಬರಿಯ ನಾತ, ತುರಿಕೆ ತಗ್ಗಿತು, ಹೊಟ್ಟು ತಗ್ಗಲಿಲ್ಲ, ಕಡೆಗೆ ಸೀಮಂತದ ದಿನ ರಮಾಬಾಯಿ ಕೈಗಿತ್ತ ಟ್ಯೂಬು — ಎರಡನ್ನೂ ತೂಗಿ ನೋಡೋಣವೆಂದು ಎಡಕ್ಕೆ ಟ್ಯೂಬು, ಬಲಕ್ಕೆ ಎಣ್ಣೆ, ಹದಿನೈದೇ ದಿನಕ್ಕೆ ಎಡಗಾಲು ಮದುವಣಗಿತ್ತಿಯದಾಯಿತು. ಇಂದೂ ಹಚ್ಚಿಕೊಂಡಾದ ಮೇಲೆ ಹೊಸ ಟ್ಯೂಬಿಗೆಂದು ಹೋದರೆ ಮೆಡಿಕಲ್ ಶಾಪಿನ ನಾಗೇಶ್ ಹಳೆಯದನ್ನು ತಿರುಗಿಸಿ ಓದಿ, ಅಮ್ಮಾರೆ, ಇದು ಜೋರು ಸ್ಟಿರಾಯ್ಡ್ ಐತ್ರಿ, ನಿಮ್ ಚರ್ಮನೇ ತೆಳ್ಳಗಾಗೇತಿ, ಎಳೆಕೂಸಿನ ಮೈಗೆ ಸೋಕಬಾರ್ದು ಎಂದ. ಮತ್ತೆ ಈ ಹೊಟ್ಟು? ಅದು ಅಂಟಲ್ರಿ, ನೋಡಾಕೆ ಅಸಹ್ಯ ಅಷ್ಟೇ. ಅಷ್ಟೇ! ಮನೆಗೆ ಬಂದು ಎಡಗಾಲನ್ನು ಮೂರು ಸಲ ಸೋಪು ಹಾಕಿ ತಿಕ್ಕಿದಳು, ಆ ಜಿಡ್ಡು ಇನ್ನೂ ಬೆರಳಿಗೆ ತಾಗುತ್ತಿದೆ, ಹಲ್ಲಿಯನ್ನು ಮುಟ್ಟಿದಂತೆ.

ಬಾಗಿಲು ತೆರೆಯಿತು, ಕೂಸನ್ನೆತ್ತಿಕೊಂಡ ರಮಾಬಾಯಿ, ಬೆನ್ನಿಗೆ ಶ್ರೀಲತಾ, ಅಯ್ಯ, ಎಡಗಾಲು ಎಷ್ಟ್ ಚಂದ ಆಗಿದೆ, ನಾ ಹೇಳ್ಲಿಲ್ವಾ, ಬಲಗಾಲಿಗೆ ಟವೆಲ್ ಸುತ್ಕೊಳಿ ರಾಧಕ್ಕಾ. ಟವೆಲನ್ನು ಎರಡು ಮಡಿಕೆ ಮಾಡಿ ರಾಧಮ್ಮ ಎಡಗಾಲಿಗೆ ಸುತ್ತಿದಳು. ಇದೆಂಥ ಹಟ ಮಾರಾಯ್ತಿ, ಆ ಹುಳುಕಿನ ಮೇಲೆ ಹಾಕ್ಕೊಳ್ತೀರಾ ಕೂಸನ್ನ? ಚಂದ ಇರೋದ್ರಾಗೆ ಔಷಧಿ ಐತ್ರಿ, ಕೂಸಿಗೆ ವಿಷ ಅದು, ಇದ್ರಾಗೆ ಬರೀ ಹೊಟ್ಟು. ಮಗಳು ಬಲಗಾಲನ್ನು ನೋಡಿದಳು, ಅವಳ ತುಟಿಯೂ ಸೊಟ್ಟಗಾಯಿತು, ಕೇರಿಯ ಹೆಂಗಸರ ಅದೇ ತುಟಿ, ತಾನು ಹೆತ್ತ ತುಟಿ — ಆದರೂ ಕಣ್ಣು ಮುಚ್ಚಿ, ಅತ್ತೆಯ ಕೈಯಿಂದ ಕೂಸನ್ನು ಕಸಿದು ತಾಯಿಯ ಕಾಲಮೇಲೆ ಮಲಗಿಸಿದಳು. ಎಷ್ಟು ಹಗುರ, ಎಷ್ಟು ಬೆಚ್ಚಗೆ, ನೀರು ಬಿದ್ದರೂ ಅಳಲಿಲ್ಲ, ಒರಟು ಕಾಲಿಗೆ ಕೆನ್ನೆಯೊತ್ತಿಕೊಂಡು ಸುಮ್ಮನಿತ್ತು, ಸೊರಬಕ್ಕೆ ಒಯ್ಯುವ ಮಾತು ನಿಂತಿತು, ಗೆದ್ದೆನೆಂದುಕೊಂಡು ರಾಧಮ್ಮ ಕೂಸನ್ನು ಅಂಗಾತ ಮಾಡಿದಳು — ತುಟಿಯಂಚಿನಲ್ಲಿ ಒಂದು ಬಿಳಿಯ ಹಕ್ಕಳೆ, ಬೊಗಸೆ ನೀರು ಹೊಯ್ದಳು, ಹೋಗಲಿಲ್ಲ, ಮತ್ತೆ ಹೊಯ್ದಳು, ಅಲ್ಲೇ ಇದೆ, ಮೂವರೂ ನೋಡುತ್ತಿದ್ದಾರೆ, ಬಿಳಿಯ ಹಕ್ಕಳೆ, ಮತ್ತು ಹಾಲು ಹುಡುಕುವ ಪುಟ್ಟ ಕೆಂಪು ನಾಲಿಗೆ ಅದರತ್ತ ಚಾಚುತ್ತಿದೆ