ಒಂದು ತಟ್ಟಿದರೆ ಹೌದು

ಹಳೆಯ ಸರ್ವರ್ ಕಂಪ್ಯೂಟರಿಗೆ ಹೊಸ ಲಿನಕ್ಸ್ ತಂತ್ರಾಂಶ ಹಾಕಲು ಕೂತವರಿಗೆಲ್ಲ ಒಂದು ವಾಕ್ಯದ ಮೇಲೆ ತೀರದ ಸಿಟ್ಟಿರುತ್ತದೆ: ‘ಯಾವ ಡಿಸ್ಕೂ ಕಂಡುಬಂದಿಲ್ಲ.’ ಅಯ್ಯಾ, ಕಂಡುಬಂದಿಲ್ಲ ಅಂದರೇನು? ಡಿಸ್ಕುಗಳು ಕಣ್ಣೆದುರಿಗೇ ಇವೆ, ಮುಟ್ಟಿದರೆ ಬೆಚ್ಚಗಿವೆ, ಗುಂಯ್ ಎಂದು ತಿರುಗುವುದು ಕೋಣೆಗೆಲ್ಲ ಕೇಳುತ್ತಿದೆ. ಪರದೆ ಮಾತ್ರ ಇಲ್ಲವೆಂದರೆ ಇಲ್ಲ ಎನ್ನುತ್ತದೆ. ಗುಬ್ಬಿ ಅವತ್ತು ಬೆಳಗಿನಿಂದ ಆ ವಾಕ್ಯವನ್ನು ಒಂಬತ್ತು ಸಲ ಓದಿದ್ದಳು.

ಗುಬ್ಬಿ ಎಂದರೆ ಚಿಕ್ಕ ಹುಡುಗಿಯೇನಲ್ಲ. ನಲವತ್ತೆರಡು ವರ್ಷದ, ಮಂಡಿನೋವಿನ, ಊರಿನ ಹಳೆಯ ಕಂಪ್ಯೂಟರುಗಳನ್ನೆಲ್ಲ ಗುತ್ತಿಗೆಯ ಮೇಲೆ ರಿಪೇರಿ ಮಾಡುವ ಹೆಂಗಸು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಣ್ಣ ಇಟ್ಟ ಹೆಸರು. ಈಗಿನ ಗಾತ್ರ ನೋಡಿದರೆ ಗುಬ್ಬಿಗಳೇ ಬೇಜಾರು ಮಾಡಿಕೊಂಡಾವು. ಆದರೂ ಅಣ್ಣ ‘ಗುಬ್ಬೀ’ ಎಂದರೆ ಸಾಕು, ಎಂಥ ಗದ್ದಲದಲ್ಲೂ ತಿರುಗಿ ನೋಡುತ್ತಿದ್ದಳು. ಹಾಗೆ ಕರೆಸಿಕೊಂಡು ಹದಿನಾಲ್ಕು ತಿಂಗಳಾಗಿತ್ತು.

ಆ ಅಣ್ಣ ಅದೇ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಸ್ಲೇಟು, ಜೇಬಿನಲ್ಲಿ ಬಳಪ, ಕುತ್ತಿಗೆಗೆ ತೆಳುವಾದ ಬಟ್ಟೆ. ಬಸ್ ನಿಲ್ದಾಣದವರ ಬಾಯಲ್ಲಿ ಅವನು ಮೈಕಣ್ಣ. ಇದೇ ನಿಲ್ದಾಣದ ಮೈಕಿನಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಕೂಗಿದವನು. ಎಂಥ ಧ್ವನಿ ಅಂತೀರಿ! ಬೆಂಚಿನ ಮೇಲೆ ಗೊರಕೆ ಹೊಡೆಯುವವರೂ ತಮ್ಮ ಬಸ್ಸಿನ ನಂಬರಿಗೆ ಸರಿಯಾಗಿ ಎದ್ದು ಓಡುತ್ತಿದ್ದರು. ‘ಬಸ್ಸು ಒಂದು ಗಂಟೆ ತಡ’ ಎಂದು ಅವನು ಹೇಳಿದರೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಮನೆಯ ಹಿರಿಯಣ್ಣನೇ ಸಮಾಧಾನ ಹೇಳಿದ ಹಾಗಿರುತ್ತಿತ್ತು. ಒಂದು ಸೋಮವಾರ ಗಂಟಲಲ್ಲಿ ಗಂಟಿದೆ ಎಂದರು. ಗುರುವಾರ ಕೊಯ್ದರು. ಜೀವ ಉಳಿಯಿತು, ಧ್ವನಿ ಹೋಯಿತು.

ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಅದರಲ್ಲಿ ಅವನು ಮೊದಲ ಸಲ ಹೆಂಡತಿಯನ್ನು ಕರೆದಾಗ, ಪಾಪ, ಅತ್ತಿಗೆಗೆ ತಡೆಯಲಾಗದೆ ನಗು ಬಂದುಬಿಟ್ಟಿತು. ಒಂದೇ ಒಂದು ಸಲ. ಆಮೇಲೆ ಅವಳು ಎಷ್ಟು ಅತ್ತರೂ ಅವನು ಆ ಯಂತ್ರವನ್ನು ಡ್ರಾಯರಿನಿಂದ ತೆಗೆಯಲಿಲ್ಲ. ಸ್ಲೇಟು ಸಾಕು ಎಂದ. ಬರೆಯುವಷ್ಟು ಪುರಸೊತ್ತಿಲ್ಲದಾಗ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಅಲ್ಲ. ಮನೆಯವರಿಗಷ್ಟೇ ಅಲ್ಲ, ಇಡೀ ನಿಲ್ದಾಣಕ್ಕೆ ಆ ಲೆಕ್ಕ ಗೊತ್ತಿತ್ತು.

ಅಷ್ಟರಲ್ಲಿ ಆಸ್ಪತ್ರೆಯ ಮಾತು ಕಲಿಸುವ ಮೇಡಂ ಹೊಸ ಸುದ್ದಿಯೊಂದನ್ನು ಹೇಳಿದರು. ಫೋನಿನಲ್ಲಿ ಟೈಪು ಮಾಡಿದ್ದನ್ನು ನಿಮ್ಮದೇ ಧ್ವನಿಯಲ್ಲಿ ಹೇಳುವ ಪ್ರೋಗ್ರಾಮು ಬಂದಿದೆ; ಬೇರೆ ಸದ್ದಿಲ್ಲದ ಒಂದು ಗಂಟೆಯ ಹಳೆಯ ರೆಕಾರ್ಡಿಂಗ್ ಇದ್ದರೆ ಸಾಕು, ಯಾವ ಮಾತನ್ನು ಬೇಕಾದರೂ ಹೇಳಿಸಬಹುದು. ಮನೆಯೆಲ್ಲ ಜಾಲಾಡಿದರು. ಒಂದು ನಿಮಿಷದ್ದೂ ಸಿಗಲಿಲ್ಲ. ಇಡೀ ದಿನ ಮೈಕಿನಲ್ಲಿ ಕೂಗಿ ಬಂದವನು ಮನೆಯಲ್ಲಿ ಯಾಕೆ ರೆಕಾರ್ಡ್ ಮಾಡಿಕೊಂಡಾನು? ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಎಂದು ಅತ್ತಿಗೆ ಹಣೆ ಚಚ್ಚಿಕೊಂಡಳು.

ಉಳಿದದ್ದು ಒಂದೇ ಜಾಗ, ನಿಲ್ದಾಣದ ಹಿಂದಿನ ಕೋಣೆಯ ಹಳೆಯ ಸರ್ವರು. ಹನ್ನೊಂದು ವರ್ಷ ಅವನು ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದ ನಂಬರು, ಸಮಯ, ಪ್ಲಾಟ್‌ಫಾರ್ಮು, ‘ದಯವಿಟ್ಟು ಗಮನಿಸಿ’, ‘ಕಪ್ಪು ಚೀಲ ಕಳೆದುಕೊಂಡವರು ಕಚೇರಿಗೆ ಬನ್ನಿ’ ಎಲ್ಲವೂ ಅದರ ಆರು ಡಿಸ್ಕುಗಳಲ್ಲಿತ್ತು. ಅವನು ಆಸ್ಪತ್ರೆ ಸೇರಿದ ಮೇಲೆ ಹೊಸ ಯಂತ್ರದ ಹೆಂಗಸೊಬ್ಬಳು ಬಸ್ಸು ಕೂಗಲು ಶುರುಮಾಡಿದ್ದಳು. ಈ ಸರ್ವರು ಆರಿ ಕೂತಿತ್ತು. ಈಗ ಅದಕ್ಕೆ ಲಿನಕ್ಸ್ ಹಾಕಿ ಕ್ಯಾಮೆರಾಗಳಿಗೆ ಬಳಸಬೇಕೆಂದು ಮೇಲಿನವರ ಆದೇಶ. ಕೆಲಸ ಸಿಕ್ಕಿದ್ದು ಗುಬ್ಬಿಗೇ! ತಾನಾಗಿಯೇ ಒಲಿದು ಬಂದ ಅದೃಷ್ಟ ಎಂದುಕೊಂಡಳು.

“ನೋಡಿ ಮೇಡಂ,” ಎಂದಿದ್ದರು ನಿಲ್ದಾಣದ ಮ್ಯಾನೇಜರು. “ನಾಲ್ಕು ಗಂಟೆಗೆ ಕ್ಯಾಮೆರಾದವರು ಬರ್ತಾರೆ. ಅಷ್ಟರೊಳಗೆ ನಿಮ್ಮಣ್ಣನ ಧ್ವನಿ ಎಷ್ಟು ಬೇಕೋ ಅಷ್ಟು ಕಾಪಿ ಮಾಡ್ಕೊಳ್ಳಿ, ನಾನು ಕಣ್ಣು ಮುಚ್ಕೋತೀನಿ. ಡಿಸ್ಕು ಮಾತ್ರ ಗೇಟು ದಾಟಬಾರದು. ದಾಟಿದ್ರೆ ನನ್ನ ಕುತ್ತಿಗೆಗೆ ಬರುತ್ತೆ.” ಹೇಳಿದ ಮೇಲೆ ಮೈಕಣ್ಣನ ಕುತ್ತಿಗೆಯ ಬಟ್ಟೆ ಕಣ್ಣಿಗೆ ಬಿದ್ದು, ನಾಲಿಗೆ ಕಚ್ಚಿಕೊಂಡು ಹೊರಟುಹೋದರು. ಮನುಷ್ಯ ಕೆಟ್ಟವರೇನಲ್ಲ.

ಸರಿ, ಬೆಳಗ್ಗೆ ಒಂಬತ್ತಕ್ಕೇ ಗುಬ್ಬಿ ಕೂತಳು. ಮೊದಲು ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಹಳೆಯದನ್ನೆಲ್ಲ ಕಾಪಿ ಮಾಡಿಕೊಂಡು, ಆಮೇಲೆ ಹೊಸದನ್ನು ಹಾಕುವುದು ಅವಳ ಲೆಕ್ಕಾಚಾರ. ಯಾವ ಡಿಸ್ಕೂ ಕಂಡುಬಂದಿಲ್ಲ. ಕೇಬಲ್ಲು ಬಿಚ್ಚಿ ಒರೆಸಿ ಹಾಕಿದಳು. ಕಂಡುಬಂದಿಲ್ಲ. ಸೆಟ್ಟಿಂಗಿನಲ್ಲಿ ಇದ್ದಬದ್ದದ್ದನ್ನೆಲ್ಲ ತಿರುಗಿಸಿ ನೋಡಿದಳು. ಹಳೆಯ ಯಂತ್ರಕ್ಕೆ ಹಳೆಯ ಲಿನಕ್ಸೇ ಸರಿಯೆಂದು ಎಂಟು ವರ್ಷದ ಹಿಂದಿನದನ್ನೂ ಹಾಕಿದಳು. ಕಂಡುಬಂದಿಲ್ಲ, ಕಂಡುಬಂದಿಲ್ಲ. “ನಿನ್ನ ಕಣ್ಣಿಗೆ ಮಣ್ಣು ಹಾಕ!” ಎಂದು ಪರದೆಗೆ ಬೈದಳು. ಅಣ್ಣ ಸ್ಲೇಟಿನಲ್ಲಿ ಬರೆದು ತೋರಿಸಿದ: ‘ಪ್ರಯಾಣಿಕರು ದಯವಿಟ್ಟು ಶಾಂತಿ ಕಾಪಾಡಬೇಕು.’ ಇಬ್ಬರೂ ನಕ್ಕರು. ಅವಳ ನಗು ಕೇಳಿಸಿತು.

“ಸಿಕ್ಕಿದ್ಮೇಲೆ ಫೋನಲ್ಲಿ ಮೊದಲು ಏನು ಹೇಳಿಸ್ತೀಯಣ್ಣ?”

ಅವನು ‘ಗುಬ್ಬಿ’ ಎಂದು ಬರೆದ. ಬರೆದು, ಬೇಗ ಕೆಳಗೆ ಸೇರಿಸಿದ: ‘ಅತ್ತಿಗೆಗೆ ಹೇಳಬೇಡ. ಮೊದಲ ಮಾತು ತನ್ನ ಹೆಸರೇ ಆಗಬೇಕು ಅಂದಿದ್ದಾಳೆ.’ ಗುಬ್ಬಿ ತಿರುಗಿ ಸ್ಕ್ರೂ ಹುಡುಕುವವಳಂತೆ ಕಣ್ಣೊರೆಸಿಕೊಂಡಳು.

ಮಧ್ಯಾಹ್ನದ ಮೇಲೆ ರೋಗದ ಮೂಲ ಸಿಕ್ಕಿತು. ಡಿಸ್ಕುಗಳಿಗೂ ಯಂತ್ರಕ್ಕೂ ನಡುವೆ ಒಂದು ಕಾರ್ಡು ಇರುತ್ತದೆ. ಅದು ತೋರಿಸಿದರೆ ಮಾತ್ರ ಲಿನಕ್ಸಿಗೆ ಡಿಸ್ಕು ಕಾಣುವುದು. ಆ ಕಾರ್ಡು ಕೂರುವ ಕಿಂಡಿಯ ಕೊಂಡಿ ಮುರಿದು ಕಾರ್ಡು ಜೋತುಬಿದ್ದಿತ್ತು. ಗುಜರಿ ರಾಶಿಯಲ್ಲಿ ಅಂಥದೇ ಕೆಲಸದ ಇನ್ನೊಂದು ಕಾರ್ಡನ್ನು ಅದರ ಉದ್ದ ಕೇಬಲ್ಲಿನ ಸಮೇತ ಹುಡುಕಿ ಪಕ್ಕದ ಕಿಂಡಿಗೆ ಹಾಕಿದಳು. ಈಗ ಪರದೆಯಲ್ಲಿ ಆರೂ ಡಿಸ್ಕುಗಳ ಹೆಸರು ಬಂತು, ಪ್ರತಿಯೊಂದರ ಮುಂದೆ ‘ಬೀಗ ಹಾಕಿದೆ’ ಎಂಬ ಮಾತೂ ಬಂತು. ಹಿಂದೆ ಯಾವನೋ ಭದ್ರತೆಯ ಹುಚ್ಚಿನ ಅಧಿಕಾರಿ ಡಿಸ್ಕುಗಳಿಗೆಲ್ಲ ಬೀಗ ಹಾಕಿಸಿದ್ದ. ಬೀಗದ ಕೈ ಇದ್ದದ್ದು ಹಳೆಯ ಕಾರ್ಡಿನೊಳಗೆ. ಹೊಸ ಕಾರ್ಡಿಗೆ ಡಿಸ್ಕು ಕಾಣುತ್ತಿತ್ತು, ತೆರೆಯಲು ಬರುತ್ತಿರಲಿಲ್ಲ. ಹಳೆಯದಕ್ಕೆ ತೆರೆಯಲು ಬರುತ್ತಿತ್ತು, ನೆಟ್ಟಗೆ ಕೂರಲು ಬರುತ್ತಿರಲಿಲ್ಲ. ಬೇರೆ ಕಿಂಡಿಗೆ ಹಾಕೋಣವೆಂದರೆ ಅದರ ಹಳೆಯ ಕೇಬಲ್ಲು ಒಂದು ಗೇಣು ಗಿಡ್ಡ, ಉದ್ದದ್ದು ಅದಕ್ಕೆ ಕೂರುವುದಿಲ್ಲ.

ಹಳೆಯದನ್ನೇ ವಾಪಸು ಹಾಕಿ, ಹಿಂದಿನಿಂದ ಕೈ ತೂರಿಸಿ ಮೇಲಕ್ಕೆತ್ತಿ ಒತ್ತಿದಳು. ಹಸಿರು ದೀಪ ಬಂತು. ಬೆರಳು ಬಿಟ್ಟರೆ ಹೋಯಿತು. ಒತ್ತಿದರೆ ಬಂತು. ಒಂದು ತುಂಡು ತಂತಿಯಿಂದ ಬಿಗಿಯಾಗಿ ಕಟ್ಟಿದ್ದರೆ ಆಗುತ್ತಿತ್ತು. ತಂತಿ ಹುಡುಕಿ ಕಟ್ಟಲು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಆದರೆ ಗೋಡೆ ಗಡಿಯಾರ ಮೂರೂವರೆ ತೋರಿಸುತ್ತಿತ್ತು; ಕಾಪಿಯಾಗಲು ಇಪ್ಪತ್ತು ನಿಮಿಷವಾದರೂ ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಅವಳಿಗೇನು ಗೊತ್ತಿರಲಿಲ್ಲವೇ? ಕಲಿಯಲು ಬಂದವರಿಗೆಲ್ಲ ಅವಳೇ ಹೇಳುತ್ತಿದ್ದದ್ದು ಅದನ್ನು.

“ಅಣ್ಣ, ನೀನು ಕೀಬೋರ್ಡ್ ಮುಂದೆ ಕೂತ್ಕೋ. ನಾನು ಹಿಂದೆ ಹೋಗಿ ಕಾರ್ಡ್ ಹಿಡ್ಕೋತೀನಿ. ಆನ್ ಮಾಡಿದ ತಕ್ಷಣ ಬೀಗ ತೆಗೀಲಾ ಅಂತ ಕೇಳುತ್ತೆ. ವೈ ಒತ್ತಿಬಿಡು, ಅಷ್ಟೇ. ಬೀಗ ಒಂದ್ಸಲ ತೆಗೆದ್ರೆ ಸಾಕು, ಆಮೇಲೆ ಗುಜರಿ ಕಾರ್ಡಲ್ಲೇ ಕಾಪಿ ಮಾಡ್ಕೋಬಹುದು. ನಾನು ಕೇಳ್ತಾ ಇರ್ತೀನಿ, ನೀನು ತಟ್ಟು.”

ಒಂದು ತಟ್ಟು. ಯಂತ್ರಗಳ ವಿಷಯದಲ್ಲಿ ಗುಬ್ಬಿ ಹೇಳಿದ್ದೇ ಅವನಿಗೆ ಕೊನೆಯ ಮಾತು.

ಅವಳು ಗೋಡೆಗೂ ಸರ್ವರಿಗೂ ನಡುವಿನ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ತೂರಿದಳು. ಕೆನ್ನೆ ಗೋಡೆಗೆ ಒತ್ತಿತ್ತು, ಬಲಗೈ ಮೊಣಕೈವರೆಗೆ ಯಂತ್ರದೊಳಗಿತ್ತು. ಫ್ಯಾನುಗಳು ಭೋರೆಂದವು.

“ಆರು ಡಿಸ್ಕೂ ಬಂತಾ?”

ಟಕ್.

ಬೆರಳ ತುದಿಗೆ ಕಾರ್ಡಿನ ಅಂಚು ಕೊರೆಯುತ್ತಿತ್ತು. ಒಂದು ಸಲ ಬೆರಳು ಕೂದಲೆಳೆಯಷ್ಟು ಜಾರಿತು. ಕೂಡಲೇ ಮತ್ತೆ ಒತ್ತಿದಳು.

“ಕೆಳಗೆ ಏನೋ ಕೇಳ್ತಿದೆಯಾ, ವೈ ಇಲ್ಲಾ ಎನ್ ಅಂತ?”

ಟಕ್.

“ಸರಿ, ವೈ ಒತ್ತು.”

ಕೀಬೋರ್ಡಿನ ಸದ್ದು ಬರಲಿಲ್ಲ. ಸ್ಲೇಟಿನ ಮೇಲೆ ಬಳಪ ಕೀರುವ ಸದ್ದು ಬಂತು.

“ಅಯ್ಯೋ, ಈಗೇನು ಬರೀತಾ ಕೂತೆ? ನನಗೇನು ಬೆನ್ನಲ್ಲಿ ಕಣ್ಣಿದೆಯಾ? ಒತ್ತಣ್ಣ, ಬೆರಳು ಸತ್ತೇಹೋಯ್ತು!”

ಟಕ್, ಟಕ್.

“ಅಲ್ಲ ಅಂದ್ರೆ ಏನು ಅಲ್ಲ? ಕಾರ್ಡ್ ಬಿದ್ರೆ ಮತ್ತೆ ಮೊದಲಿಂದ ಆಗಬೇಕು. ಟೈಮಿಲ್ಲ ಕಣೋ! ನಾನು ಹೇಳ್ತಿದ್ದೀನಲ್ಲ, ಒತ್ತು!”

ಹುಟ್ಟಿದಾಗಿನಿಂದ ಒಮ್ಮೆಯೂ ಅವನಿಗೆ ‘ಕಣೋ’ ಎಂದವಳಲ್ಲ. ಆಮೇಲೆ ಕೀಲಿ ಒತ್ತಿದ ಸದ್ದು ಬಂತು. ಯಂತ್ರ ಸಣ್ಣಗೆ ಬೀಪ್ ಎಂದಿತು.

ಗುಬ್ಬಿ ಸಂದಿಯಿಂದ ಹೊರಬಂದಳು, ಮೈಯೆಲ್ಲ ಧೂಳು, ಮುಖದ ತುಂಬ ನಗು. ಪರದೆ ನೋಡಿದಳು. ಆರು ಸಾಲುಗಳಿದ್ದವು, ಆರರಲ್ಲೂ ಒಂದೇ ಮಾತು: ‘ಅಳಿಸಲಾಗಿದೆ. ಹೊಸ ಬಳಕೆಗೆ ಸಿದ್ಧ.’

ಬೆರಳು ಜಾರಿದ ಆ ಕ್ಷಣದಲ್ಲಿ ಹಳೆಯ ಕಾರ್ಡಿಗೆ ತನ್ನ ಬೀಗದ ಕೈಯೇ ಸಿಕ್ಕಿರಲಿಲ್ಲ. ಹಾಗಾಗಿ ಅದು ಬೀಗ ತೆಗೆಯಲೇ ಎಂದು ಕೇಳುವ ಬದಲು, ಬೀಗದ ಕೈ ಸಿಗುತ್ತಿಲ್ಲ, ಎಲ್ಲ ಅಳಿಸಲೇ ಎಂದು ಕೇಳಿತ್ತು. ಅಂಥ ಡಿಸ್ಕುಗಳನ್ನು ಅಳಿಸಲು ಗಂಟೆಗಟ್ಟಲೆ ಬೇಕಿಲ್ಲ. ಅವುಗಳಲ್ಲಿ ಎಲ್ಲವೂ ಗುಟ್ಟಿನ ಲಿಪಿಯಲ್ಲಿರುತ್ತದೆ; ಆ ಲಿಪಿಯನ್ನು ಓದುವ ಗುಟ್ಟನ್ನು ಡಿಸ್ಕು ಮರೆತುಬಿಟ್ಟರೆ ಆಯಿತು, ಅರೆಕ್ಷಣದ ಕೆಲಸ. ಹನ್ನೊಂದು ವರ್ಷದ ಮಾತೆಲ್ಲ ಇನ್ನೂ ಅದರೊಳಗೇ ಇತ್ತು. ಅದನ್ನು ಹೊರಗೆ ತರುವುದು ಮಾತ್ರ ಇನ್ನು ಯಾರಿಂದಲೂ ಆಗುವುದಿಲ್ಲ. ಇದು ಗುಬ್ಬಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅವಳು ಇನ್ನೊಂದು ಸಲ ಪ್ರಯತ್ನಿಸೋಣ ಎಂದೂ ಅನ್ನಲಿಲ್ಲ. ನಿಂತಲ್ಲೇ ನೆಲದ ಮೇಲೆ ಕೂತಳು.

ಅಣ್ಣ ಅವಸರ ಅವಸರವಾಗಿ ಅಂಗಿಯ ತೋಳಿನಿಂದ ಸ್ಲೇಟು ಒರೆಸುತ್ತಿದ್ದ. ಅವಳು ಕೈ ಚಾಚಿ ಕಿತ್ತುಕೊಂಡಳು. ಅರ್ಧ ಒರೆಸಿತ್ತು, ಆದರೂ ಓದಲು ಬರುತ್ತಿತ್ತು: ‘ಎಲ್ಲಾ ಅಳಿಸಿಹಾಕ್ತೀನಿ ಅಂತಿದೆ. ಒತ್ತಲಾ?’

ಬಾಯಿದ್ದಿದ್ದರೆ ಓದಿ ಹೇಳುತ್ತಿದ್ದ. ಗದ್ದಲದ ನಿಲ್ದಾಣಕ್ಕೆಲ್ಲ ಕೇಳುವ ಹಾಗೆ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದವನು. ಅವಳು ಕೇಳಿದ್ದು ಹೌದು, ಅಲ್ಲ ಎಂದಷ್ಟೇ; ಏನು ಬರೆದಿದೆ ಎಂದು ಕೇಳಲೇ ಇಲ್ಲ. ಅವನು ಅಲ್ಲ ಎಂದದ್ದನ್ನೂ ಕೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತನ್ನು ತಟ್ಟಿ ಕೆಡವಿದ್ದು ಅವಳ ಕೈಯೇ.

“ನಾನೇ ಅಣ್ಣ,” ಎಂದಳು. “ನಾನೇ ಹಾಳು ಮಾಡ್ಬಿಟ್ಟೆ.”

ಅವನು ಸ್ಲೇಟು ತೆಗೆದುಕೊಂಡು ಪೂರ್ತಿ ಒರೆಸಿದ. ಬರೆದ: ‘ನಾನೇ ಸರಿಯಾಗಿ ಓದದೆ ಒತ್ತಿದೆ. ಕಣ್ಣು ಮಂಜು.’ ಅವನ ಅಕ್ಷರ ಯಾವಾಗಲೂ ದುಂಡಗೆ, ಸಾಲು ನೆಟ್ಟಗೆ. ಅವತ್ತು ಸಾಲು ಕೆಳಗೆ ಜಾರಿತ್ತು. ಅವಳಿಗೆ ಅದನ್ನು ನೋಡಲಾಗಲಿಲ್ಲ. ಅತ್ತುಬಿಟ್ಟಳು, ಬಾಯಿಗೆ ಧೂಳಿನ ಕೈ ಅಡ್ಡ ಹಿಡಿದುಕೊಂಡು. ಅವನು ಸ್ಟೂಲಿನಿಂದಿಳಿದು ಪಕ್ಕದಲ್ಲಿ ಕೂತು ಅವಳ ತಲೆಯ ಮೇಲಿನ ಜೇಡರಬಲೆ ತೆಗೆದ.

ಗೋಡೆಯಾಚೆ ಯಂತ್ರದ ಹೆಂಗಸು ಮೂರು ಐವತ್ತರ ಬಸ್ಸು ಕೂಗಿದಳು. ಕೆಲಸ ಕೆಲಸವೇ. ಗುಬ್ಬಿ ಎದ್ದು, ಗುಜರಿಯ ಕಾರ್ಡನ್ನು ಹಾಕಿ, ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿದಳು. ಆರೂ ಡಿಸ್ಕುಗಳು ಮೊದಲ ಸಲಕ್ಕೇ ಕಂಡವು, ಆರೂ ಖಾಲಿ. ಮುಂದುವರಿಸಲೇ ಎಂದು ಕೇಳಿತು. ಈ ಸಲ ಅವಳೇ ಒತ್ತಿದಳು.

ನಾಲ್ಕಕ್ಕೆ ಸರಿಯಾಗಿ ಮ್ಯಾನೇಜರು ಕ್ಯಾಮೆರಾದವರನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಪರದೆಯ ಮೇಲೆ ಹಸಿರು ಪಟ್ಟಿ ಓಡುವುದನ್ನು ನೋಡಿ ಅವರ ಮುಖ ಅರಳಿತು.

“ಭೇಷ್ ಮೇಡಂ! ಡಿಸ್ಕು ಕಾಣಿಸ್ತಲ್ಲ, ಬೆಳಗಿನಿಂದ ಒದ್ದಾಡಿದ್ದಕ್ಕೂ ಸಾರ್ಥಕ!” ಎಂದರು. ಆಮೇಲೆ ಧ್ವನಿ ತಗ್ಗಿಸಿ, “ಮತ್ತೆ, ನಮ್ಮ ಮೈಕಣ್ಣನ ಮಾತು? ಅದೂ ಸಿಕ್ತಾ?”

ಗುಬ್ಬಿ ಬಾಯಿ ತೆರೆದಳು. ಕ್ಯಾಮೆರಾದವರು ನಿಂತಿದ್ದರು, ಮ್ಯಾನೇಜರು ಕಾಯುತ್ತಿದ್ದರು, ಅವಳಿಗೆ ಒಂದು ಮಾತೂ ಹೊರಡಲಿಲ್ಲ.

ಮೈಕಣ್ಣ ತಂಗಿಯ ಮುಖ ನೋಡಿದ. ಆಮೇಲೆ ಗೆಣ್ಣೆತ್ತಿ ಮೇಜಿನ ಮೇಲೆ ತಟ್ಟಿದ, ಒಂದೇ ಸಲ.